ಹಳೇ ಸೌಂಡೇ ಚೆನ್ನಾಗಿತ್ತು ಅನ್ನುವವರಿಗೆ

ಕನ್ನಡದ ಯಾವುದಾದರೂ ಬ್ಯಾಂಡು ಹೊಸ ಆಲ್ಬಮ್ ತಂದ ವಾರದಲ್ಲಿ ನಮ್ಮ ಆಫೀಸಿನ ಕಾಫಿ ಮಷೀನ್ ಹತ್ತಿರ ಒಂದು ಮಾತು ಬಂದೇ ಬರುತ್ತದೆ. “ಚೆನ್ನಾಗಿದೆ ಮಗಾ, ಆದ್ರೆ ಆ ಹಳೇ ಸೌಂಡ್ ಇಲ್ಲ.” ಪಕ್ಕದಲ್ಲಿ ನಿಂತವನು ತಲೆಯಾಡಿಸುತ್ತಾನೆ. “ಹೂಂ, ಮಣ್ಣಿನ ವಾಸನೆ ಹೋಗ್ಬಿಟ್ಟಿದೆ.” ಆಮೇಲೆ ಇಬ್ಬರೂ ಪೇಪರ್ ಕಪ್ ಬಿಸಾಕಿ ಮೀಟಿಂಗಿಗೆ ಹೋಗುತ್ತಾರೆ. ರಘು ದೀಕ್ಷಿತ್ ಪ್ರಾಜೆಕ್ಟಿನ ‘ಜಗ್ ಚಂಗಾ’ 2013ರಲ್ಲಿ ಬಂದಾಗ ಈ ಮಾತು ಕೇಳಿದ್ದೆ. 2018ರಲ್ಲಿ ಸ್ವರಾತ್ಮದವರ ‘ರಾಹ್-ಎ-ಫಕೀರಾ’ ಬಂದಾಗ ಮತ್ತೆ ಕೇಳಿದೆ. ರಘು ದೀಕ್ಷಿತ್ ಹತ್ತು ವರ್ಷಕ್ಕೂ ಹೆಚ್ಚು ಗ್ಯಾಪ್ ಕೊಟ್ಟು ಮೂರನೇ ಆಲ್ಬಮ್ ‘ಶಕ್ಕರ್’ ತಂದಾಗಲೂ ಅದೇ ಮಾತು. ಅಷ್ಟರಲ್ಲಿ ಕಾಫಿ ಮಷೀನ್ ಎರಡು ಸಲ ಬದಲಾಗಿತ್ತು.

ನಾನು ಕಾಕತಿಯವನು. ಬೆಳಗಾವಿಯಿಂದ ಪುಣೆ ಕಡೆ ಹೈವೇ ಹಿಡಿದರೆ ಸ್ವಲ್ಪ ಹೊತ್ತಿಗೇ ಸಿಗುವ ಊರು. ಕಿತ್ತೂರು ಚೆನ್ನಮ್ಮ ಹುಟ್ಟಿದ ಊರು ಅಂದರೆ ಬೆಂಗಳೂರಿನವರಿಗೂ ಗೊತ್ತಾಗುತ್ತದೆ. ಮಣ್ಣು, ಸೊಗಡು, ಜಾನಪದ ಇಂಥ ವಿಷಯ ಬಂದಾಗಲೆಲ್ಲ ಟೀಮಿನಲ್ಲಿ ನನ್ನನ್ನೇ ಸಾಕ್ಷಿಗೆ ಕರೆಯುತ್ತಾರೆ. “ನೀನ್ ಹೇಳು ಗುರು, ನೀನು ಹಳ್ಳಿಯವನು.” ಸರಿ, ಸಾಕ್ಷಿ ಹೇಳುತ್ತೇನೆ. ನೀವು ಹುಡುಕುತ್ತಿರುವ ಆ ವಾಸನೆ ನಮ್ಮೂರಿಂದ ಬರುತ್ತಿಲ್ಲ. ಊರು ಬಿಟ್ಟು ಬಂದವರ ಹಳಹಳಿ ಅದು. ಊರನ್ನೇ ನೋಡದವರ ಕಲ್ಪನೆಯೂ ಸ್ವಲ್ಪ ಬೆರೆತಿದೆ. ಆ ಹಳಹಳಿಯ ಬಿಲ್ಲನ್ನು ಹಾಡುವವರ ಹೆಸರಿಗೆ ಬರೆಯಬೇಡಿ ಅನ್ನುವುದು ನನ್ನ ತಕರಾರು.

ಮೊದಲು ಈ ‘ಹಳೇ ಸೌಂಡ್’ ಏನಿತ್ತು ನೋಡೋಣ. ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅದನ್ನು ಹೊರತಂದದ್ದು ಮುಂಬೈನ ಸಿನಿಮಾ ಸಂಗೀತದ ಜೋಡಿ ವಿಶಾಲ್-ಶೇಖರ್, ತಮ್ಮದೇ ಲೇಬಲ್ಲಿನಲ್ಲಿ. ಅದರಲ್ಲಿದ್ದ ಕನ್ನಡ ಹಾಡು ಎರಡೇ ಎರಡು, ಎರಡೂ ಶಿಶುನಾಳ ಶರೀಫರ ಪದಗಳು: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಉಳಿದದ್ದೆಲ್ಲ ಹಿಂದಿ, ಇಂಗ್ಲಿಷ್. ಹಾಡಿದವರು ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ ಮಾಡಿ, ಭರತನಾಟ್ಯ ಕಲಿತು, ಬೆಲ್ಜಿಯಂನಲ್ಲಿ ಕೆಲಸ ಮಾಡಿ ಬಂದ ಮನುಷ್ಯ. ಹಿಂದೆ ಎಲೆಕ್ಟ್ರಿಕ್ ಗಿಟಾರು, ಬೇಸು, ಡ್ರಮ್ ಕಿಟ್ಟು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರು ನುಡಿಸಿದಾಗ ನಾವೆಲ್ಲ ಯೂಟ್ಯೂಬಿನಲ್ಲಿ ನೋಡಿ ಎದೆಯುಬ್ಬಿಸಿಕೊಂಡೆವು. ಒಳ್ಳೆಯದೇ. ಅದು ಒಳ್ಳೆಯ ಸಂಗೀತ, ನಾನು ಇವತ್ತೂ ಕೇಳುತ್ತೇನೆ. ಆದರೆ ಅದು ಹೊಲದ ಬದುವಿನಲ್ಲಿ ಮೊಳೆತದ್ದಲ್ಲ. ಹುಟ್ಟಿದ ದಿನದಿಂದಲೇ ಅದು ಪ್ಯಾಟಿ ಸಂಗೀತ. ಅದನ್ನು ನೀವು ಮಣ್ಣು ಅಂತ ಕರೆದಿರಿ. ಈಗ ಮಣ್ಣು ಕಾಣಿಸುತ್ತಿಲ್ಲ ಅಂತ ಅವರನ್ನೇ ಕೇಳುತ್ತಿದ್ದೀರಿ.

ಸ್ವರಾತ್ಮದ ಕತೆಯೂ ಬೇರೆಯಲ್ಲ. 2009ರಲ್ಲಿ ಅವರ ಮೊದಲ ಆಲ್ಬಮ್ ಬಂತು. ವೇದಿಕೆ ಮೇಲೆ ಬಣ್ಣಬಣ್ಣದ ಅಂಗಿ, ಕೀಲುಕುದುರೆ. ಜನ ಕುದುರೆ ನೋಡಿ ಚಪ್ಪಾಳೆ ಹೊಡೆದರು. ಅದೇ ಆಲ್ಬಮ್ಮಿನ ‘ಪ್ಯಾಸಿ’ಯಲ್ಲಿ ಮಾತಾಡುವವಳು ಕಾವೇರಿ. ಎರಡು ರಾಜ್ಯದ ಜಗಳದ ನಡುವೆ ಸಿಕ್ಕಿಕೊಂಡ ನದಿಗೆ ಬಾಯಿ ಕೊಟ್ಟ ಹಾಡು ಅದು. 2012ರಲ್ಲಿ ಲಾಯ್ ಮೆಂಡೋನ್ಸಾ ಪ್ರೊಡ್ಯೂಸ್ ಮಾಡಿದ ‘ಟೋಪಿವಾಲೆ’ ಬಂತು. ರಾಜಕಾರಣಿಗಳನ್ನು, ನ್ಯೂಸ್ ಚಾನೆಲ್ಲುಗಳನ್ನು ಗೇಲಿ ಮಾಡುವ ಹಾಡುಗಳಿದ್ದವು. ಗಿಟಾರು ಗಟ್ಟಿಯಾಗಿತ್ತು, ಮಾತು ಹರಿತವಾಗಿತ್ತು. ಈ ಬ್ಯಾಂಡಿನ ಬಗ್ಗೆ ಗೆಳೆಯರನ್ನು ಕೇಳಿದರೆ ಹತ್ತರಲ್ಲಿ ಎಂಟು ಜನಕ್ಕೆ ಇವತ್ತಿಗೂ ನೆನಪಿರುವುದು ಕುದುರೆ.

ಇದೇ ಗೆಳೆಯರು ಹೊರಗಿನವರ ವಿಷಯದಲ್ಲಿ ಎಷ್ಟು ಉದಾರಿಗಳು ಗೊತ್ತಾ? ವೈಟ್ ಸ್ಟ್ರೈಪ್ಸ್ ಅಂತ ಅಮೆರಿಕದ ಒಂದು ಜೋಡಿ ಇತ್ತು. ಒಬ್ಬ ಗಿಟಾರು, ಒಬ್ಬಳು ಡ್ರಮ್ಮು, ಅಷ್ಟೇ. 2005ರಲ್ಲಿ ಅವರು ಗಿಟಾರನ್ನು ಹಿಂದಕ್ಕೆ ಸರಿಸಿ ಪಿಯಾನೋ, ಮರಿಂಬಾ ಮುಂದಿಟ್ಟು ಒಂದು ಆಲ್ಬಮ್ ಮಾಡಿದರು. ನಮ್ಮ ಟೀಮಿನ ರಾಕ್ ಪಂಡಿತನೊಬ್ಬ ಅದನ್ನು ‘ಬ್ರೇವ್’ ಅನ್ನುತ್ತಾನೆ. ಟ್ವೆಂಟಿ ಒನ್ ಪೈಲಟ್ಸ್ ಅನ್ನೋ ಇನ್ನೊಂದು ಜೋಡಿ 2018ರಲ್ಲಿ ಕತ್ತಲು ಕತ್ತಲಾದ ಆಲ್ಬಮ್ ಮಾಡಿ, 2021ರಲ್ಲಿ ಬಣ್ಣದ ಮಿಠಾಯಿಯಂಥ ಪಾಪ್ ಆಲ್ಬಮ್ ಮಾಡಿತು. ಅದಕ್ಕೆ ಇವನು ಕೊಡುವ ಹೆಸರು ‘ಇವಾಲ್ವಿಂಗ್’. ಅವರ್ಯಾರಿಗೂ ಇವನು ಒಹಾಯೋದ ಮಣ್ಣು ಎಲ್ಲಿ ಅಂತ ಕೇಳಿದ್ದಿಲ್ಲ. ಕನ್ನಡದ ಬ್ಯಾಂಡು ಒಂದು ಸಿಂಥ್ ಇಟ್ಟರೆ ಸಾಕು, ಬೇರು ಬಿಟ್ಟರು, ಮಾರಿಕೊಂಡರು, ಮುಂಬೈಯವರಾದರು. ಅವರದು ಬೆಳವಣಿಗೆ, ನಮ್ಮವರದು ದ್ರೋಹ. ಯಾವ ನ್ಯಾಯ ಇದು?

ಅದೂ ಯಾರು ಹೇಳೋದು? ಎರಡು ವರ್ಷ ಹಳೆಯ ಕೋಡ್ ಕಂಡರೆ ಮೂಗು ಮುರಿಯುವ ಜನ ನಾವು. ಇದ್ಯಾವನು ಬರೆದದ್ದು, ಎಲ್ಲಾ ಕಿತ್ತು ಹೊಸದಾಗಿ ಬರೆಯೋಣ ಅಂತ ಪ್ರತಿ ಕ್ವಾರ್ಟರ್ ಕುಣಿಯುತ್ತೇವೆ. ಸಂಗೀತಗಾರರು ಮಾತ್ರ 2008ರ ವರ್ಷನ್ನನ್ನೇ ಸಾಯೋವರೆಗೆ ಸಪೋರ್ಟ್ ಮಾಡುತ್ತಾ ಕೂರಬೇಕು.

ಇನ್ನು ನಮ್ಮೂರಿನ ಮಾತು. ನಾನು ಚಿಕ್ಕವನಿದ್ದಾಗ ಕಾಕತಿಯಲ್ಲಿ ಏನು ಕೇಳಿಸುತ್ತಿತ್ತು? ಶ್ರಾವಣದಲ್ಲಿ ಗುಡಿಯಲ್ಲಿ ಭಜನಿ. ಹೈವೇ ಮೇಲೆ ನಿಂತ ಲಾರಿಗಳಿಂದ ಹಿಂದಿ ಹಾಡು. ಮದುವೆಯಲ್ಲಿ ಬ್ಯಾಂಜೋ ಪಾರ್ಟಿ, ಅರ್ಧ ಮರಾಠಿ, ಅರ್ಧ ಕನ್ನಡ. ಗಣಪತಿ ಹಬ್ಬಕ್ಕೆ ಢೋಲ್-ತಾಷಾ. ಮನೆಯಲ್ಲಿ ಟೇಪ್‌ರೆಕಾರ್ಡರಿನಲ್ಲಿ ರಾಜ್‌ಕುಮಾರ್, ಮತ್ತೆ ಸಿ. ಅಶ್ವಥ್. ಯಾರೂ ಇದು ನಮ್ಮದು, ಇದು ಹೊರಗಿನದು ಅಂತ ಗೆರೆ ಎಳೆದು ಕೇಳುತ್ತಿರಲಿಲ್ಲ. 2016ರಲ್ಲಿ ‘ಸೈರಾಟ್’ ಬಂದ ಮೇಲೆ ನಮ್ಮ ಕಡೆ ‘ಝಿಂಗಾಟ್’ ಇಲ್ಲದ ಮೆರವಣಿಗೆಯೇ ಇಲ್ಲ. ಅದರ ಸಂಗೀತ ಮಾಡಿದ್ದೂ ಒಂದು ಜೋಡಿಯೇ, ಅಜಯ್-ಅತುಲ್ ಅಣ್ಣತಮ್ಮಂದಿರು. ಹಳ್ಳಿ ಹುಡುಗ-ಹುಡುಗಿಯ ಆ ಸಿನಿಮಾಕ್ಕೆ ಅವರು ಲಾಸ್ ಏಂಜಲೀಸಿಗೆ ಹೋಗಿ ಆರ್ಕೆಸ್ಟ್ರಾ ರೆಕಾರ್ಡ್ ಮಾಡಿಕೊಂಡು ಬಂದರು. ಹಾಲಿವುಡ್ಡಿನ ಪಿಟೀಲು ಕೇಳಿಸಿತು ಅಂತ ನಮ್ಮೂರಲ್ಲಿ ಯಾರೂ ಕುಣಿಯೋದು ನಿಲ್ಲಿಸಲಿಲ್ಲ.

ಭಜನಿ ಅಂದೆನಲ್ಲ, ಅದರ ಜೀವಾಳ ಪೇಟಿ. ನೀವು ಹಾರ್ಮೋನಿಯಂ ಅನ್ನುತ್ತೀರಿ. ಪೇಟಿ ಇಲ್ಲದ ಭಜನಿ ನಮ್ಮ ಕಡೆ ಊಹಿಸೋಕೂ ಆಗುವುದಿಲ್ಲ. ಆದರೆ ಪೇಟಿ ಯುರೋಪಿನಿಂದ ಬಂದದ್ದು. ಇದು ನಮ್ಮ ಸಂಗೀತಕ್ಕೆ ಒಗ್ಗದ ವಾದ್ಯ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಅಂದರೆ ದಿಲ್ಲಿಯ ಶುದ್ಧಿಯ ಪಂಡಿತರು ಬಾಗಿಲು ಹಾಕಿಕೊಂಡು ಕೂತಿದ್ದ ಮೂವತ್ತು ವರ್ಷವೂ ನಮ್ಮ ಹಳ್ಳಿಗಳ ಗುಡಿಯಲ್ಲಿ ಪೇಟಿ ನಡೆದೇ ಇತ್ತು. ಈಗ ಆ ಪೇಟಿಯನ್ನು ತೋರಿಸಿ ‘ಆಹಾ, ಅಪ್ಪಟ ಜಾನಪದ’ ಅನ್ನುವವರು, ಅದರ ಪಕ್ಕದಲ್ಲಿ ಕೀಬೋರ್ಡ್ ಇಟ್ಟರೆ ಮುಖ ಕಿವುಚುತ್ತಾರೆ. ಕೀಬೋರ್ಡು ತಡವಾಗಿ ಬಂದ ಪೇಟಿ, ಅಷ್ಟೇ ಅದರ ಅಪರಾಧ.

ಶರೀಫರ ವಿಷಯವೂ ಹೀಗೇ. ನಮ್ಮ ಪೀಳಿಗೆಯ ತಲೆಯಲ್ಲಿ ಶರೀಫರ ಪದ ಅಂದರೆ ಕೇಳಿಸುವ ಧಾಟಿ ಅಶ್ವಥ್ ಅವರದು. ಬೆಂಗಳೂರಿನಲ್ಲಿ, ಸ್ಟುಡಿಯೋದಲ್ಲಿ, ಸುಗಮ ಸಂಗೀತದ ಹದದಲ್ಲಿ ಕೂರಿಸಿ ಕ್ಯಾಸೆಟ್ಟಿಗೆ ಇಳಿಸಿದ್ದು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದ ಮೇಲೆ ಆ ಧಾಟಿಯೇ ಮೂಲ ಅನ್ನುವಂತಾಯಿತು. ಅದು ಅದ್ಭುತವಾದ ಕೆಲಸ, ಅನುಮಾನವೇ ಇಲ್ಲ. ಆದರೆ ಅದೂ ಒಂದು ಹೊಸ ಸೌಂಡೇ. ಏಕತಾರಿ ಹಿಡಿದು ಹಾಡುತ್ತಿದ್ದ ಹಾವೇರಿ ಕಡೆಯ ಯಾವನೋ ಮುದುಕ ಅದನ್ನು ಕೇಳಿ ‘ಹಳೇದ ಚಲೋ ಇತ್ತಪಾ’ ಅಂದಿರಲಿಕ್ಕೂ ಸಾಕು. ಇನ್ನು ಶರೀಫರೇ ಎಂಥವರು? 1819ರಿಂದ 1889ರವರೆಗೆ ಬದುಕಿದ್ದ ಆ ಮನುಷ್ಯ ಕಂಡದ್ದನ್ನೆಲ್ಲ ಪದಕ್ಕೆ ಎಳೆದುಕೊಂಡವರು. ಹತ್ತಿ ಗಿರಣಿ ಬಂತು, ಅದರ ಮೇಲೂ ತತ್ವಪದ ಕಟ್ಟಿದರು. ಅವರ ಕಾಲಕ್ಕೆ ಗಿರಣಿ ಅಂದರೆ ಹೊಚ್ಚ ಹೊಸ ಟೆಕ್ನಾಲಜಿ. ಆ ಕಾಲದಲ್ಲಿ ನಮ್ಮ ಕಾಫಿ ಮಷೀನ್ ಪಂಡಿತರು ಇದ್ದಿದ್ದರೆ, ಇದೇನು ಶರೀಫಜ್ಜ, ಎತ್ತು-ನೇಗಿಲು ಬಿಟ್ಟು ಮಷೀನಿನ ಮೇಲೆ ಹಾಡ್ತೀರಿ ಅಂತ ಕೇಳುತ್ತಿದ್ದರು.

ಇದೆಲ್ಲ ಬರೀ ರುಚಿಯ ವಿಷಯ, ಬಿಟ್ಟಾಕು ಅನ್ನಬಹುದು. ಬಿಡೋಕಾಗಲ್ಲ, ಯಾಕಂದರೆ ಈ ರುಚಿಯಿಂದ ಹೊಟ್ಟೆಪಾಡು ನಡೆಯುತ್ತದೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ರಾಜ್ಯೋತ್ಸವಕ್ಕೆ ಬೆಂಗಳೂರಿನದೇ ಒಂದು ಬ್ಯಾಂಡನ್ನು ಕರೆಸಿದ್ದರು. ಕಮಿಟಿಯಲ್ಲಿ ನಾನೂ ಇದ್ದೆ. ಬ್ಯಾಂಡಿನವರು ಹಾಡಿನ ಪಟ್ಟಿ ಕಳಿಸಿದರು, ಹನ್ನೆರಡರಲ್ಲಿ ಏಳು ಹೊಸವು, ಅವರೇ ಬರೆದವು. ಕಮಿಟಿಯಿಂದ ಹೋದ ಉತ್ತರದಲ್ಲಿ ಮೂರು ಸಾಲು: ಹೊಸದು ಎರಡು ಸಾಕು, ‘ಕೋಡಗನ ಕೋಳಿ’ ಕಡ್ಡಾಯ, ಸಾಧ್ಯವಾದರೆ ಎಲ್ಲರೂ ಪಂಚೆ. ನಾನು ಬೇಡ ಅಂದೆ, ಮತಕ್ಕೆ ಹಾಕಿದರು, ಸೋತೆ. ಆ ದಿನ ಅವರು ಎರಡು ಹೊಸ ಹಾಡು ಶುರುಮಾಡಿದ ಹೊತ್ತಿಗೆ ಜನ ಎದ್ದು ಹೋಳಿಗೆ ಕೌಂಟರ್ ಕಡೆ ಹೋದರು. ಕೋಳಿ ಬಂದಾಗ ತಟ್ಟೆ ಹಿಡಿದುಕೊಂಡೇ ಓಡಿ ಬಂದು ಕುಣಿದರು.

ಅದೇ ಕಾರ್ಯಕ್ರಮಕ್ಕೆ ಗೇಟಿನಲ್ಲಿ ಸ್ವಾಗತ ಮಾಡಲು ‘ಉತ್ತರ ಕರ್ನಾಟಕ ಜಾನಪದ ತಂಡ’ ಬೇಕು ಅಂತ ಈವೆಂಟಿನವರು ಹುಡುಕುತ್ತಿದ್ದರು. ನಮ್ಮ ಕಾಕಾನ ಮಗ ಊರ ಕಡೆ ಒಂದು ಮೆಲೋಡೀಸ್ ತಂಡದಲ್ಲಿ ಕೀಬೋರ್ಡ್ ಬಾರಿಸುತ್ತಾನೆ. ಗೋಡೆಗೆ ಗಾದಿ ಬಡಿದ ಸಣ್ಣ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಜಾನಪದ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಅವನು ನಾಲ್ಕು ಹುಡುಗರನ್ನು ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಬಂದ, ಕೀಬೋರ್ಡು, ಆಕ್ಟೋಪ್ಯಾಡ್ ಹೊತ್ತುಕೊಂಡು. ಈವೆಂಟಿನವರು ಎರಡನ್ನೂ ವ್ಯಾನಿನಲ್ಲಿ ಇಡಿಸಿ, ಒಬ್ಬೊಬ್ಬರಿಗೆ ಒಂದೊಂದು ಕಂಬಳಿ ಹೊದಿಸಿ, ಕೈಗೆ ಬಾಡಿಗೆ ಡೊಳ್ಳು ಕೊಟ್ಟರು. ಅವನು ಜೀವನದಲ್ಲಿ ಡೊಳ್ಳು ಬಾರಿಸಿದವನಲ್ಲ. ಡೊಳ್ಳು ಬಾರಿಸೋದು ಒಂದು ವಿದ್ಯೆ, ಅದನ್ನು ಕಲಿತವರು ಬೇರೆಯೇ ಇದ್ದಾರೆ. ಅವರನ್ನು ಕರೆಸಿದ್ದರೆ ಕಂಪನಿಗೂ ಮರ್ಯಾದೆ ಇರುತ್ತಿತ್ತು. ಒಂದು ಗಂಟೆ ಸುಮ್ಮನೆ ದಬದಬ ಬಡಿದರು, ಎಲ್ಲರೂ ಸೆಲ್ಫಿ ತೆಗೆದುಕೊಂಡರು. ಸಂಜೆ ಅವನು ನನ್ನನ್ನು ಕೇಳಿದ: “ಅಣ್ಣಾ, ಇದಕ್ಕ ಜಾನಪದ ಅಂತಾರಂದ್ರ, ಮತ್ತ ನಾವ್ ದಿನಾ ಮಾಡೂದಕ ಏನಂತಾರ ಇಲ್ಲೆ?”

ನಮ್ಮಲ್ಲಿ ಅದಕ್ಕೆ ಇರುವ ಹೆಸರು ‘ಚೀಪ್’. ಬೆಂಗಳೂರಿನ ಬ್ಯಾಂಡಿಗೆ ಸಿಗುವ ಬೈಗುಳ ‘ಸೊಗಡಿಲ್ಲ’, ಬೆಳಗಾವಿಯ ಹುಡುಗನಿಗೆ ಸಿಗುವುದು ‘ಅತಿಯಾಯ್ತು’. ಬೈಯುವವರು ಒಬ್ಬರೇ. ಆದರೆ ಇಂಡೀ ಅನ್ನುವ ಪದಕ್ಕೆ ಅರ್ಥ ಇದ್ದರೆ ಅದು ಈ ಹುಡುಗರಿಗೇ ಮೊದಲು ಸಲ್ಲಬೇಕು. ಲೇಬಲ್ ಇಲ್ಲ, ಮ್ಯಾನೇಜರ್ ಇಲ್ಲ, ಎಫ್‌ಎಂ ಇಲ್ಲ, ಪೇಪರಿನಲ್ಲಿ ವಿಮರ್ಶೆ ಇಲ್ಲ. ಹಾಡು ತಾವೇ ಬರೆದು, ತಾವೇ ಹಾಡಿ, ತಾವೇ ಹಾಕುತ್ತಾರೆ. ಕಬ್ಬಿನ ಸೀಸನ್ನಿನಲ್ಲಿ ಫ್ಯಾಕ್ಟರಿ ಮುಂದೆ ಸಾಲುಗಟ್ಟಿದ ಟ್ರ್ಯಾಕ್ಟರುಗಳು ಅವರ ರೇಡಿಯೋ ಸ್ಟೇಷನ್. ಬೆಳಗಾವಿ ಜಿಲ್ಲೆಯ ನಿಪನಾಳದ ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡನ್ನು ಜನ ಕೋಟಿಗಟ್ಟಲೆ ಸಲ ನೋಡಿದರು. ಬೆಂಗಳೂರಿನ ಬಹಳ ಜನಕ್ಕೆ ಅವರ ಮುಖ ಪರಿಚಯವಾದದ್ದು 2025ರಲ್ಲಿ ಬಿಗ್ ಬಾಸ್ ಮನೆಯಲ್ಲಿ. ಡ್ರೈವರ್ ಕೆಲಸ, ಪ್ರೀತಿ, ಊರು: ಅವರು ಹಾಡಿದ್ದು ತಮ್ಮ ಸುತ್ತ ಇರುವುದನ್ನು. ನಮ್ಮ ಹೈವೇ ಮೇಲೆ ನಿಂತು ನೋಡಿ, ಎತ್ತಿನ ಗಾಡಿ ಎಷ್ಟು ಸಿಗುತ್ತವೆ, ಡ್ರೈವರುಗಳು ಎಷ್ಟು ಸಿಗುತ್ತಾರೆ.

ಇಂಥ ಹಾಡುಗಳಲ್ಲಿ ಬರೀ ಲವ್ವು, ಕೈಕೊಟ್ಟ ಹುಡುಗಿ, ಇದೇನು ಸಂಸ್ಕೃತಿ ಅನ್ನುವವರೂ ಇದ್ದಾರೆ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಏನು ಹೇಳುತ್ತದೆ ಸ್ವಾಮಿ? ಮದುವೆಯಾದ ಹೆಂಗಸಿನ ಜೊತೆ ಸಂಬಂಧ, ಗೆಳೆಯನ ದ್ರೋಹ, ಕೊಲೆ. ನೂರಕ್ಕೂ ಹೆಚ್ಚು ವರ್ಷದಿಂದ ಆಡುತ್ತಿದ್ದಾರೆ, ಈಗ ಅದು ಯೂನಿವರ್ಸಿಟಿ ಪಠ್ಯ. ಹಾಡು ಹಳೆಯದಾದರೆ ಪರಂಪರೆ, ಹೊಸದಾದರೆ ಪೋಲಿತನ.

ಬೇರು ಬಿಟ್ಟರೆ ಕೆಟ್ಟೆವು ಅನ್ನುವ ವಾದದಲ್ಲಿ ಒಂದು ಪ್ರಾಮಾಣಿಕ ಭಯ ಇದೆ ಅನ್ನುವುದನ್ನು ಒಪ್ಪುತ್ತೇನೆ. ಆ ಭಯ ಇದ್ದವರಿಗೆ ನಮ್ಮ ತಾಲೂಕಿನದೇ ಒಬ್ಬ ಮನುಷ್ಯನ ಕತೆ ಹೇಳಬೇಕು. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಶಿವಪುತ್ರ ಕೊಂಕಾಳಿಮಠ ಅಂತ ಒಬ್ಬ ಹುಡುಗ ಹುಟ್ಟಿದ. ಗ್ರಾಮಫೋನ್ ಪ್ಲೇಟಿನಲ್ಲಿ ದೊಡ್ಡ ಉಸ್ತಾದರು ಹಾಡಿದ್ದನ್ನು ಕೇಳಿ ಒಂದು ಹರಕತ್ತೂ ತಪ್ಪದ ಹಾಗೆ ಹಾಡಿ ತೋರಿಸುತ್ತಿದ್ದ. ಜನ ಬೆರಗಾದರು, ಕುಮಾರ ಗಂಧರ್ವ ಅಂತ ಬಿರುದು ಬಂತು. ಅಲ್ಲಿಗೇ ನಿಂತಿದ್ದರೆ ಅವರು ಹಳೇ ಸೌಂಡಿನ ಅತ್ಯುತ್ತಮ ಕಾಪಿ ಆಗಿ ಉಳಿಯುತ್ತಿದ್ದರು. ಮುಂಬೈಗೆ ಹೋಗಿ ಬಿ.ಆರ್. ದೇವಧರರ ಹತ್ತಿರ ಕಲಿತರು. ಕ್ಷಯ ಬಂತು. 1948ರಲ್ಲಿ ಒಣ ಹವೆಗಾಗಿ ಮಧ್ಯಪ್ರದೇಶದ ದೇವಾಸಿಗೆ ಹೋದರು. ವರ್ಷಗಟ್ಟಲೆ ಹಾಡೋ ಹಾಗಿಲ್ಲ ಅಂತ ಡಾಕ್ಟರರ ತಾಕೀತು. ಹಾಸಿಗೆಯಲ್ಲಿ ಮಲಗಿ ಮಾಳವದ ಹೆಂಗಸರ ಹಾಡು ಕೇಳಿದರು. ಎದ್ದು ಬಂದಾಗ ಒಂದು ಶ್ವಾಸಕೋಶ ಕೆಟ್ಟಿತ್ತು, ಉಸಿರು ಚಿಕ್ಕದಾಗಿತ್ತು, ಹಾಡುವ ರೀತಿಯೇ ಬದಲಾಗಿತ್ತು. ಜಾನಪದ ಧಾಟಿಗಳಿಂದ ಹೊಸ ರಾಗ ಕಟ್ಟಿದರು. ಕಬೀರನ ನಿರ್ಗುಣಿ ಪದಗಳನ್ನು ಕಛೇರಿಗೆ ತಂದರು. ಘರಾಣೆ ಮುರಿದ ಅಂತ ಬೈಸಿಕೊಂಡರು. 1990ರಲ್ಲಿ ಪದ್ಮವಿಭೂಷಣ ಬಂತು. ಈಗ ಬೆಳಗಾವಿಯ ರಂಗಮಂದಿರಕ್ಕೆ ಅವರದೇ ಹೆಸರು. ಆ ರಂಗಮಂದಿರದಲ್ಲೇ ಕೂತು ‘ಇಂದಿನ ಸಂಗೀತದಲ್ಲಿ ಕುಸಿಯುತ್ತಿರುವ ಮೌಲ್ಯಗಳು’ ಅನ್ನುವ ಥರದ ಭಾಷಣ ಕೇಳಿದ್ದೇನೆ.

ನೋಡಿ, ಕನ್ನಡದ ಇಂಡೀ ಬ್ಯಾಂಡಿನ ಹೊಸ ಹಾಡೆಲ್ಲ ಚೆನ್ನಾಗಿವೆ ಅಂತ ನಾನು ಹೇಳುತ್ತಿಲ್ಲ. ಕೆಲವು ಬೋರು. ಎಲ್ಲಾ ಕೋರಸ್ಸೂ ಜಾಹೀರಾತಿನ ಹಾಗೆ ಕೇಳಿಸುತ್ತದೆ ಅನ್ನುವ ದೂರು ನ್ಯಾಯವಾದದ್ದು. ನಮ್ಮ ಕಡೆಯ ಡಿಜೆ ಜಾನಪದದಲ್ಲಿ ಆಟೋಟ್ಯೂನ್ ಹಾಕಿ ಹಾಕಿ ಎಲ್ಲಾ ಗಂಟಲೂ ಒಂದೇ ಆಗಿದೆ, ಅದೂ ನಿಜ. ಆದರೆ ಇವು ಹಾಡಿನ ಮೇಲಿನ ದೂರುಗಳು. ಹಾಡು ಕೇಳಿದವರು ಮಾತ್ರ ಹೇಳಬಹುದಾದದ್ದು. ‘ಹಳೇ ಸೌಂಡ್ ಇಲ್ಲ’ ಅನ್ನೋಕೆ ಮೂವತ್ತು ಸೆಕೆಂಡ್ ಕೇಳಿದರೆ ಸಾಕು. ಮತ್ತೆ ಏಕತಾನತೆ ನಿಮ್ಮ ಚಿಂತೆಯಾದರೆ, ಫೋಕ್ ಫ್ಯೂಷನ್ ಅನ್ನುವ ಆ ಫಾರ್ಮುಲಾ ಎಷ್ಟು ಸವೆದಿದೆ ಗಮನಿಸಿದ್ದೀರಾ? ಶುರುವಿಗೆ ಕೊಳಲು, ಆಮೇಲೆ ಶರೀಫರ ಒಂದು ಪದ, ಎರಡನೇ ಚರಣಕ್ಕೆ ಡ್ರಮ್ಮು, ಕೊನೆಗೆ ಕೈ ಮೇಲೆತ್ತಿ ಒಂದು ದೊಡ್ಡ ಆಲಾಪ. ಕಾಲೇಜ್ ಫೆಸ್ಟಿನಿಂದ ಕಂಪನಿ ಫಂಕ್ಷನ್ನಿನವರೆಗೆ ಇದೇ. ಅದನ್ನು ಮೊದಲು ಮಾಡಿದವರಿಗೇ ಅದು ಸಾಕಾಗಿದ್ದರೆ ಆಶ್ಚರ್ಯ ಏನು?

ನಮ್ಮ ಕಾಕಾನ ಮಗ ಬೆಂಗಳೂರಿಗೆ ಮತ್ತೆ ಬರಲಿಲ್ಲ, ಬರುವ ಅಗತ್ಯವೂ ಅವನಿಗಿಲ್ಲ. ಜಾತ್ರೆ ಸೀಸನ್ನಿನಲ್ಲಿ ಒಂದು ದಿನವೂ ಖಾಲಿ ಇರುವುದಿಲ್ಲ. ಕಳೆದ ತಿಂಗಳು ವಾಟ್ಸಾಪಿನಲ್ಲಿ ಹೊಸ ಹಾಡು ಕಳಿಸಿದ. ಡೊಳ್ಳಿನ ಪದದ ಧಾಟಿ, ಅದರ ಮೇಲೆ ಒಬ್ಬ ಹುಡುಗನ ರ‍್ಯಾಪು, ನಡುವೆ ಎಲೆಕ್ಟ್ರಿಕ್ ಗಿಟಾರು. ಎರಡು ಸಲ ಕೇಳಿದೆ. ಮಾತು ಚಲೋ ಅದಾವ, ಆದರ ಬೇಸ್ ಭಾಳ ಆತು ತಮ್ಮಾ, ಹಾಡೇ ಕೇಳಸವಲ್ದು ಅಂತ ಬರೆದೆ.

ಅವನ ಉತ್ತರ ಬಂತು: “ಇಯರ್‌ಫೋನ್‌ನ್ಯಾಗ ಕೇಳಿರಿ ನೋಡ್ರಿ ಅಣ್ಣಾ. ಊರಿಗಿ ಬಂದಾಗ ಟ್ರ್ಯಾಕ್ಟರ್‌ನ್ಯಾಗ ಹಚ್ಚತೇನಿ, ಆಮ್ಯಾಲೆ ಹೇಳ್ರಿ.”